ಪಿಳ್ಳಮ್ಮನ ಮಂಗಳವಾರಗಳು

ನಮ್ಮ ಎದುರುಮನೆಯ ರಮ್ಯಾ ಬ್ಯಾಂಕ್ ಪರೀಕ್ಷೆ ಪಾಸು ಮಾಡಿ, ಕೆಲಸಕ್ಕೆ ಸೇರುವ ಹಿಂದಿನ ವಾರ ಸ್ವೀಟ್ ಬಾಕ್ಸ್ ಹಿಡಿದು ಬಂದಿದ್ದಳು. "ಆಂಟಿ, ಮೂವತ್ತನಾಲ್ಕು ವರ್ಷ ಮಾಡಿದೀರಲ್ಲ, ಬ್ರಾಂಚಲ್ಲಿ ನಿಜವಾಗ್ಲೂ ಏನ್ ಕೆಲ್ಸ ಇರುತ್ತೆ?" ಎಂದು ಕೇಳಿದಳು. ನಾನು ವೋಚರು, ಕ್ಲಿಯರಿಂಗು, ಆಡಿಟ್ಟು ಎಂದು ಏನೇನೋ ಹೇಳಿ ಕಳಿಸಿದೆ. ಅವಳು ಹೋದ ಮೇಲೆ, ನಾನು ಹೇಳಿದ್ದರಲ್ಲಿ ನಿಜವಾದ ಕೆಲಸ ಒಂದೂ ಇರಲಿಲ್ಲ ಅನ್ನಿಸಿತು. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಯಾವ ವರ್ಷ ಯಾವ ಸಂಬಳದ ಸ್ಕೇಲ್ ಸಿಕ್ಕಿತು ಎನ್ನುವುದು ನನಗೇ ಮರೆತಿದೆ. ಮರೆಯದೆ ಉಳಿದಿರುವುದು ಜೋಗುಪಾಳ್ಯದ ಶಾಖೆ, ಅಲ್ಲಿಗೆ ಬರುತ್ತಿದ್ದ ಪಿಳ್ಳಮ್ಮ, ಮತ್ತು ಅವರ ವಿಷಯದಲ್ಲಿ ನಾನು ಮಾಡಿದ ಎರಡು ತಪ್ಪುಗಳು.

ಜೋಗುಪಾಳ್ಯದ ನಮ್ಮ ಶಾಖೆ ಇಕ್ಕಟ್ಟಾದ ಬೀದಿಯಲ್ಲಿತ್ತು. ಒಂದು ಪಕ್ಕದಲ್ಲಿ ಹಿಟ್ಟಿನ ಗಿರಣಿ, ಇನ್ನೊಂದು ಪಕ್ಕದಲ್ಲಿ ಇಸ್ತ್ರಿ ಅಂಗಡಿ. ಬೆಳಿಗ್ಗೆ ಶಟರ್ ಎತ್ತಿದರೆ ಲೆಡ್ಜರಿನ ಮೇಲೆಲ್ಲ ರಾಗಿಹಿಟ್ಟಿನ ಧೂಳು. ಕೌಂಟರಿನ ಮುಂದೆ ಗೋಡೆಗೆ ಒರಗಿಸಿದ ಉದ್ದನೆಯ ಮರದ ಬೆಂಚು. ಅದರ ಮೇಲೆ ತಮಿಳು, ದಖ್ನಿ ಉರ್ದು, ತೆಲುಗು, ಕನ್ನಡ ಎಲ್ಲ ಒಟ್ಟಿಗೆ ನಡೆಯುತ್ತಿದ್ದವು. ಹಾಸನದಿಂದ ಬಂದಿದ್ದ ನಾನು ತಮಿಳು ಕಲಿತದ್ದು ಆ ಬೆಂಚಿನ ಮೇಲೆ ನಡೆಯುತ್ತಿದ್ದ ಅತ್ತೆ-ಸೊಸೆಯರ ಜಗಳ ಕೇಳಿಯೇ. ಕೆಲಸವಿದ್ದವರು ಬರುತ್ತಿದ್ದರು, ಇಲ್ಲದವರೂ ಬರುತ್ತಿದ್ದರು. ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹಿಂದಿನ ಕೋಣೆಯಲ್ಲಿ ಲಾಕರುಗಳಿದ್ದವು. ಅವುಗಳ ಉಸ್ತುವಾರಿ ನನ್ನದು. ಈಗಿನವರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ: ಲಾಕರಿಗೆ ಎರಡು ಬೀಗದ ಕೈ. ಮೊದಲು ಬ್ಯಾಂಕಿನ ಕೈ ನಾನು ತಿರುಗಿಸಬೇಕು, ಆಮೇಲೆ ಗ್ರಾಹಕರು ತಮ್ಮದನ್ನು ತಿರುಗಿಸಬೇಕು. ಅದು ತೆರೆದುಕೊಳ್ಳುವ ಹೊತ್ತಿಗೆ ನಾನು ಹೊರಗೆ ಬಂದುಬಿಡಬೇಕು. ಒಳಗೆ ಅವರು ಏನು ಇಡುತ್ತಾರೆ, ಏನು ತೆಗೆಯುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎನ್ನುವುದು ಅವರಿಗೆ ಬಿಟ್ಟಿದ್ದು.

ಪಿಳ್ಳಮ್ಮ ಮಹದೇವಪುರದ ಪಕ್ಕದ ಒಂದು ಹಳ್ಳಿಯವರು. ಈಗ ಅದನ್ನು ಹಳ್ಳಿ ಎಂದರೆ ಯಾರೂ ನಂಬುವುದಿಲ್ಲ. ಅವರ ಗಂಡ ಇದ್ದಾಗ ಹೊಲದಲ್ಲಿ ಸೊಪ್ಪು ಬೆಳೆದು ಹಲಸೂರು ಮಾರ್ಕೆಟ್ಟಿಗೆ ತರುತ್ತಿದ್ದರು. ಬರುವ ದಾರಿಯಲ್ಲೇ ಇದ್ದದ್ದರಿಂದ ನಮ್ಮಲ್ಲಿ ಖಾತೆ ತೆರೆದಿದ್ದರು. ಗಂಡ ತೀರಿಕೊಂಡರು, ಅರ್ಧ ಹೊಲ ಟೆಕ್ ಪಾರ್ಕಿಗೆ ಹೋಯಿತು. ಉಳಿದ ಜಾಗದಲ್ಲಿ ಮಗ ನಾರಾಯಣಸ್ವಾಮಿ ಸಾಲಾಗಿ ಬಾಡಿಗೆ ರೂಮು ಕಟ್ಟಿಸಿದ. ಖಾತೆಯನ್ನೂ ಲಾಕರನ್ನೂ ಪಿಳ್ಳಮ್ಮ ಮಾತ್ರ ನಮ್ಮಲ್ಲೇ ಉಳಿಸಿಕೊಂಡಿದ್ದರು. ತಿಂಗಳ ಮೊದಲ ಮಂಗಳವಾರ ಹನ್ನೊಂದೂವರೆಗೆ ಬಂದು, ಪಾಸ್‌ಬುಕ್ ಎಂಟ್ರಿ ಮಾಡಿಸಿ, ಲಾಕರ್ ಕೋಣೆಗೆ ಹೋಗುತ್ತಿದ್ದರು.

ಮಂಗಳವಾರ ಒಡವೆ ಹೊರಗೆ ತೆಗೆಯಲು ಜನ ಹಿಂದೆಮುಂದೆ ನೋಡುತ್ತಾರೆ. ಆ ದಿನ ಲಾಕರ್ ಕೋಣೆ ಪೂರ್ತಿ ಖಾಲಿ. ಅವರು ಅದೇ ದಿನವನ್ನು ಯಾಕೆ ಆರಿಸಿಕೊಂಡಿದ್ದರು ಎಂದು ನಾನು ಯೋಚಿಸಿರಲಿಲ್ಲ.

ಮೊದಲನೆಯ ತಪ್ಪು ನಡೆದದ್ದು ಅಂಥ ಒಂದು ಮಂಗಳವಾರ. ಅಂದು ಪಿಳ್ಳಮ್ಮನ ಲಾಕರಿಗೆ ಬ್ಯಾಂಕಿನ ಬೀಗದ ಕೈ ತಿರುಗಿಸಿ ಹೊರಗೆ ಬಂದರೆ, ಕೌಂಟರಿನಲ್ಲಿ ರಿಟೈರಾದ ಮೇಷ್ಟ್ರೊಬ್ಬರು ತಮ್ಮ ಪಾಸ್‌ಬುಕ್ಕಿನಲ್ಲಿ ಬೇರೆಯವರ ಎಂಟ್ರಿ ಬಿದ್ದಿದೆ ಎಂದು ರಂಪ ಮಾಡುತ್ತಿದ್ದರು. ಅವರನ್ನು ಸಮಾಧಾನ ಮಾಡಿ ಬರುವ ಹೊತ್ತಿಗೆ ಊಟದ ಸಮಯ. ರಿಜಿಸ್ಟರಿನಲ್ಲಿ ಪಿಳ್ಳಮ್ಮ ಹೊರಹೋದ ಸಹಿ ಇರಲಿಲ್ಲ. ಸಹಿ ಮರೆತು ಹೋಗುವುದು ಅವರಿಗೆ ಹೊಸದೇನಲ್ಲ. ನಾನು ಒಳಗೆ ಇಣುಕಿಯೂ ನೋಡದೆ ಲೈಟ್ ಆರಿಸಿ, ಗ್ರಿಲ್ ಎಳೆದು ಬೀಗ ಹಾಕಿ, ಚಿತ್ರಾನ್ನದ ಡಬ್ಬಿ ತೆಗೆದುಕೊಂಡು ಊಟಕ್ಕೆ ಕೂತೆ.

ನಲವತ್ತು ನಿಮಿಷ ಆದ ಮೇಲೆ ಆ ಕಡೆ ಹೋದರೆ, ಕತ್ತಲೆಯೊಳಗಿಂದ ಯಾರೋ ನಗುವ ಸದ್ದು. ಬೀಗ ತೆಗೆದು ಲೈಟ್ ಹಾಕಿದೆ. ಪಿಳ್ಳಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಅವರ ಕಾಲ ಬಳಿ, ನೆಲದ ಮೇಲೆ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬೆನ್ನು ಕೊಟ್ಟು ಕೂತಿದ್ದಳು. ಪಿಳ್ಳಮ್ಮ ಆ ಕತ್ತಲಲ್ಲೇ ಅವಳಿಗೆ ಜಡೆ ಹೆಣೆಯುತ್ತಿದ್ದರು. ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಅರ್ಧ ತಿಂದ ಮುದ್ದೆ, ಬಸ್ಸಾರು.

"ಅಯ್ಯೋ ಅಮ್ಮಾ, ಕೂಗಬಾರದಾಗಿತ್ತಾ?" ಎಂದೆ.

"ಕೂಗಾನ ಅಂದ್ಕಂಡೆ ಕಣಮ್ಮ," ಎಂದರು ಪಿಳ್ಳಮ್ಮ, ಜಡೆ ಬಿಡದೆ. "ಇವ್ಳೇ ಬ್ಯಾಡ ಅಂದ್ಲು. ಇರ್ಲಿ ಬಿಡಮ್ಮ, ಇನ್ನೊಂದ್ ಸ್ವಲ್ಪ ಹೊತ್ತು ಸಿಗ್ತು ಅಂದ್ಲು."

ಅವಳು ಅವರ ಮಗಳು ಶೋಭಾ. ಮ್ಯಾನೇಜರ್ ಸ್ಯಾಮ್ಯುಯೆಲ್ ಸಾರ್ ಮುಂದೆ ನಿಂತು ಪಿಳ್ಳಮ್ಮನೇ ಎಲ್ಲ ಹೇಳಿದರು. ನಾರಾಯಣಸ್ವಾಮಿ ಕಟ್ಟಿಸಿದ ರೂಮುಗಳಲ್ಲಿ ಒಂದರಲ್ಲಿ ರಾಯಚೂರು ಕಡೆಯ ಶರಣಪ್ಪ ಎಂಬ ಹುಡುಗ ಬಾಡಿಗೆಗಿದ್ದ. ಕಟ್ಟಡಗಳಿಗೆ ವೈರಿಂಗ್ ಮಾಡುವ ಕೆಲಸ. ಶೋಭಾ ಅವನನ್ನು ಮದುವೆಯಾದಳು. ನಮ್ಮ ರೂಮಿನಲ್ಲಿ ಬಾಡಿಗೆಗಿದ್ದವನಿಗೆ ನಮ್ಮ ಮನೆ ಹೆಣ್ಣಾ ಎಂದು ಅಣ್ಣ ಸಿಡಿದೆದ್ದ. ಅವಳ ಹೆಸರು ಮನೆಯಲ್ಲಿ ಎತ್ತಕೂಡದು ಎಂದು ಅಪ್ಪನ ಫೋಟೋ ಮುಂದೆ ಆಣೆ ಮಾಡಿಸಿದ. ಶೋಭಾ ಕೃಷ್ಣರಾಜಪುರದಲ್ಲಿ, ರೈಲ್ವೆ ಸ್ಟೇಷನ್ ಹಿಂದೆ, ಗಂಡನ ಜೊತೆ ಇದ್ದಳು. ತಾಯಿಮಗಳ ನಡುವೆ ಅರ್ಧ ಗಂಟೆಯ ದಾರಿ. ಆದರೆ ಮನೆಯಿಂದ ಒಬ್ಬರೇ ಹೊರಡಲು ಪಿಳ್ಳಮ್ಮನಿಗೆ ಯಾವ ನೆಪವೂ ಇರಲಿಲ್ಲ. ದೇವಸ್ಥಾನಕ್ಕೆ ಎಂದರೆ ಸೊಸೆ ಜೊತೆಗೆ ಬರುತ್ತಿದ್ದಳು, ಆಸ್ಪತ್ರೆಗೆ ಎಂದರೆ ಮಗ ಕಾರು ತೆಗೆಯುತ್ತಿದ್ದ.

"ಬ್ಯಾಂಕಿಗೆ ಹೋಗ್ಬತ್ತೀನಿ ಅಂದ್ರೆ ಮಾತ್ರ ಯಾರೂ ಏನೂ ಕೇಳಾಕಿಲ್ಲ ಸಾಮಿ," ಎಂದರು.

ಶೋಭಾ ಎರಡು ವರ್ಷದಿಂದ ಆ ಮಂಗಳವಾರಗಳಲ್ಲಿ ಅಮ್ಮನನ್ನು ನೋಡಲು ಬೆಂಚಿನ ಮೇಲೆ ಬಂದು ಕೂರುತ್ತಿದ್ದಳಂತೆ. ಬೆಂಚಿನ ಮೇಲೆ ಊರಿನ ಕಡೆಯವರು ಯಾರಾದರೂ ನೋಡಿಯಾರು ಎಂಬ ಭಯ. ಅಂದು ನಾನು ಕೌಂಟರಿನಲ್ಲಿದ್ದದ್ದು ನೋಡಿ ಅಮ್ಮನ ಹಿಂದೆಯೇ ಒಳಗೆ ನುಸುಳಿದ್ದಳು.

ಸ್ಯಾಮ್ಯುಯೆಲ್ ಸಾರ್ ಕಾಕ್ಸ್ ಟೌನಿನವರು. ರೂಲ್ಸ್ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಾತಿನ ನಡುವೆ ಕನ್ನಡಕ ತೆಗೆದು ಒರೆಸುವ ಅಭ್ಯಾಸ. ಅಂದು ಕೆಲಸ ಹೋಯಿತು ಎಂದೇ ನಾನು ಅಂದುಕೊಂಡಿದ್ದೆ.

"ವಿಜಯಾ, ಎರಡು ಮಿಸ್ಟೇಕ್ ಆಗಿದೆ," ಎಂದರು. "ಒಳಗೆ ನೋಡ್ದೆ ಬೀಗ ಹಾಕಿದ್ದು ಒಂದು. ಹೆಸರಿಲ್ಲದವರು ಲಾಕರ್ ರೂಮಿಗೆ ಹೋಗಿದ್ದು ಇನ್ನೊಂದು. ಮೊದಲನೇದಕ್ಕೆ ನೀವು ಎಕ್ಸ್‌ಪ್ಲನೇಶನ್ ಬರೆದು ಕೊಡಿ."

"ಎರಡನೇದಕ್ಕೆ, ಸಾರ್?"

ಅವರು ಡ್ರಾಯರ್ ಎಳೆದು ಒಂದು ಅರ್ಜಿ ಫಾರಂ ತೆಗೆದರು. "ಹೆಸರಿಲ್ಲ ಅಂದ್ರೆ ಸೇರಿಸ್ಬೇಕಪ್ಪಾ. ಜಾಯಿಂಟ್ ಲಾಕರ್ ಮಾಡಿ. ಈ ಹುಡುಗಿ ಫೋಟೋ, ಸೈನ್ ತಗೊಳ್ಳಿ."

ಶೋಭಾ ಅಲ್ಲೇ ಅತ್ತಳು. ಸಾರ್ ಕನ್ನಡಕ ಒರೆಸುತ್ತಾ, ಇದು ಬ್ಯಾಂಕು, ಇಲ್ಲಿ ಅಳಬಾರದು ಎಂದು ಗದರಿದರು.

ಅಂದಿನಿಂದ ಬೀಗ ಹಾಕುವ ಮುಂಚೆ ಒಳಗೆ ಹೋಗಿ ಕನ್ನಡ, ತಮಿಳು, ಉರ್ದು ಮೂರೂ ಭಾಷೆಯಲ್ಲಿ ಯಾರಾದರೂ ಇದ್ದೀರಾ ಎಂದು ಜೋರಾಗಿ ಕೂಗಬೇಕೆಂದು ಅವರು ನನಗೆ ಆಜ್ಞೆ ಮಾಡಿದರು. ಕೌಂಟರಿನ ಹುಡುಗಿಯರು ನಗುತ್ತಿದ್ದರು. ನಾನು ಕೂಗುತ್ತಿದ್ದೆ.

ಆರು ವರ್ಷ ಹೀಗೇ ನಡೆಯಿತು. ತಿಂಗಳ ಮೊದಲ ಮಂಗಳವಾರ ಇಬ್ಬರೂ ಬೇರೆಬೇರೆ ಬಸ್ಸಿನಲ್ಲಿ ಬಂದು, ಬೇರೆಬೇರೆಯಾಗಿ ಸಹಿ ಹಾಕಿ, ಒಳಗೆ ಸೇರುತ್ತಿದ್ದರು. ನಾನು ನನ್ನ ಬೀಗದ ಕೈ ತಿರುಗಿಸಿ ಹೊರಗೆ ಬರುತ್ತಿದ್ದೆ. ಶೋಭಾಳಿಗೆ ಮಗು ಹುಟ್ಟಿದಾಗ ಆ ಮಗುವನ್ನು ಅಜ್ಜಿ ಮೊದಲು ಎತ್ತಿಕೊಂಡದ್ದೂ ಆ ಕೋಣೆಯಲ್ಲೇ. ಮಗುವಿಗೆ ರಿಜಿಸ್ಟರಿನಲ್ಲಿ ಸಹಿ ಬೇಕೇ ಎಂದು ನಾನು ಸಾರ್ ಅವರನ್ನು ಕೇಳಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ.

ಈ ಆರು ವರ್ಷಗಳಲ್ಲಿ ಶಾಖೆ ಮಾತ್ರ ಒಣಗುತ್ತಾ ಬಂತು. ಸ್ಯಾಮ್ಯುಯೆಲ್ ಸಾರ್ ನಿವೃತ್ತರಾದರು. ಗ್ರಾಹಕರ ವಿವರವೆಲ್ಲ ಕಂಪ್ಯೂಟರಿಗೆ ಹೋಯಿತು. ಆಧಾರ್ ಜೋಡಿಸುವಾಗ ಪ್ರತಿಯೊಬ್ಬರಿಗೂ ಒಂದು ಫೋನ್ ನಂಬರ್ ಇರಲೇಬೇಕೆಂದರು. ಮುಖ ನೋಡಿ ಹೆಸರು ಹೇಳುತ್ತಿದ್ದ ನಾವು ಈಗ ನಂಬರ್ ಹೊಡೆದು ಹೆಸರು ಹುಡುಕತೊಡಗಿದೆವು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಬಸಮ್ಮ ಎಂಬುವರು ಒಂದು ದಿನ ಅಂಗೈ ಅಗಲಿಸಿ ನನ್ನ ಮುಂದೆ ಇಟ್ಟರು. "ಯಕ್ಕಾ, ರೊಕ್ಕ ಕೊಡೊ ಅಂಗಡ್ಯಾಗಿನ ಮಿಷನ್ನು ನನ್ನ ಬಟ್ಟು ತಗೊಳ್ಳವಲ್ದು. ಸಿಮೆಂಟಿನಾಗ ಎಲ್ಲಾ ಸವದ್ ಹೋಗ್ಯಾವ. ನಾನು ನಾನಽ ಅಂತ ಹ್ಯಾಂಗ ಹೇಳ್ಲಿ?" ಎಂದರು. ಅವರ ಹಳೆಯ ಫೋಟೋ ಅಂಟಿಸಿದ ಕಾರ್ಡು ನನ್ನ ಡ್ರಾಯರಿನಲ್ಲಿತ್ತು. ನೋಡಿದೆ, ಅವರೇ. ದುಡ್ಡು ಕೊಡುವ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಆ ಡ್ರಾಯರಿಗೂ ದಿನ ಹತ್ತಿರವಾಗಿತ್ತು.

ಒಂದು ದಿನ ಪತ್ರ ಬಂತು. ನಮ್ಮ ಶಾಖೆಯನ್ನು ಇಂದಿರಾನಗರದ ಶಾಖೆಯ ಜೊತೆ ಸೇರಿಸುತ್ತಾರೆ, ಅಲ್ಲಿ ಲಾಕರು ಖಾಲಿ ಇಲ್ಲ, ಆದ್ದರಿಂದ ಇರುವವರೆಲ್ಲ ತಿಂಗಳೊಳಗೆ ಖಾಲಿ ಮಾಡಬೇಕು. ಎಲ್ಲರಿಗೂ ಫೋನ್ ಮಾಡಿ, ಅದೇ ವಾರದ ಕೊನೆಗೆ ಪಟ್ಟಿ ಕಳಿಸಬೇಕು. ಪಟ್ಟಿ ನನ್ನ ಕೈಗೆ ಬಂತು.

ಇದು ಎರಡನೆಯ ತಪ್ಪು. ಬೆಳಿಗ್ಗೆಯಿಂದ ಫೋನ್ ಮಾಡಿಮಾಡಿ ಗಂಟಲು ಒಣಗಿತ್ತು. ಪಟ್ಟಿಯಲ್ಲಿದ್ದ ನಂಬರ್ ಒತ್ತುವುದು, ಹೆಸರು ಓದುವುದು, ಇಡುವುದು. ಹಾಗೇ ಒಂದು ನಂಬರ್ ಒತ್ತಿದೆ. ಗಂಡಸಿನ ಧ್ವನಿ ಬಂತು. ನಾನು ಒಂದೇ ಉಸಿರಿನಲ್ಲಿ ಓದಿದೆ: "ಪಿಳ್ಳಮ್ಮ ಮತ್ತು ಶೋಭಾ ಅವರ ಜಾಯಿಂಟ್ ಲಾಕರ್ ಖಾಲಿ ಮಾಡಬೇಕು, ಇಬ್ಬರೂ ಬಂದು ಸಹಿ ಹಾಕಬೇಕು."

ಆ ಕಡೆಯಿಂದ, "ಯಾವ ಶೋಭಾ?"

ಆಗ ನನಗೆ ಹೊಳೆಯಿತು. ಪಿಳ್ಳಮ್ಮನ ಹತ್ತಿರ ಫೋನೇ ಇರಲಿಲ್ಲ. ಆಧಾರ್ ಜೋಡಿಸುವಾಗ ಕೊಟ್ಟದ್ದು ಮಗನ ನಂಬರ್. ಅದನ್ನು ಕಂಪ್ಯೂಟರಿಗೆ ಹಾಕಿದವಳೂ ನಾನೇ. ನಾನು ಏನೋ ತೊದಲುವಷ್ಟರಲ್ಲಿ ನಾರಾಯಣಸ್ವಾಮಿ ಫೋನ್ ಇಟ್ಟಿದ್ದರು. ಮೊದಲ ಮಂಗಳವಾರಕ್ಕೆ ಐದೇ ದಿನ ಉಳಿದಿತ್ತು. ನಾನು ಸುಮ್ಮನೆ ಕಾದಿದ್ದರೆ ಪಿಳ್ಳಮ್ಮ ತಾವಾಗಿಯೇ ಬರುತ್ತಿದ್ದರು, ಬೆಂಚಿನ ಮೇಲೆ ಕೂರಿಸಿ ಕಿವಿಯಲ್ಲಿ ಹೇಳಬಹುದಿತ್ತು. ಹೊಸ ಮ್ಯಾನೇಜರ್ ಹುಡುಗನ ಹತ್ತಿರ ಹೋಗಿ ಹೇಳಿಕೊಂಡೆ. ಒಳ್ಳೆಯ ಹುಡುಗ. "ಮೇಡಂ, ಸಿಸ್ಟಮಲ್ಲಿರೋ ನಂಬರಿಗೇ ಕಾಲ್ ಮಾಡಿದೀರ. ನಿಮ್ದೇನೂ ತಪ್ಪಿಲ್ಲ, ಬಿಡಿ," ಎಂದ. ಆ ಮಾತಿನಿಂದ ನನಗೆ ಒಂದು ಚೂರೂ ಸಮಾಧಾನವಾಗಲಿಲ್ಲ.

ಡ್ರಾಯರಿನ ಕಾರ್ಡಿನಲ್ಲಿದ್ದ ಶೋಭಾಳ ನಂಬರಿಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ.

"ಅಣ್ಣ ಏನಂದ ಮೇಡಂ?"

"ಏನೂ ಅನ್ಲಿಲ್ಲ. ಇಟ್ಬಿಟ್ರು."

"ಹಂಗಾದ್ರೆ ತುಂಬಾ ಕೋಪ ಬಂದಿರುತ್ತೆ," ಎಂದಳು. "ನಾಳೆ ಅಮ್ಮನ್ನ ಕರ್ಕೊಂಡು ಬರ್ತಾನೆ. ನಾನೂ ಬರ್ತೀನಿ. ಇನ್ನೇನು ಬಚ್ಚಿಡೋದಿದೆ," ಎಂದಳು.

ಅವಳು ಹೇಳಿದಂತೆಯೇ ಆಯಿತು. ಮಾರನೆಯ ದಿನ ಬಾಗಿಲು ತೆರೆಯುತ್ತಲೇ ನಾರಾಯಣಸ್ವಾಮಿ ತಾಯಿಯನ್ನು ಕರೆದುಕೊಂಡು ಬಂದರು. ಐವತ್ತರ ಹತ್ತಿರದ ಎತ್ತರದ ಆಳು, ಬಿಳಿ ಶರ್ಟು. ಶೋಭಾ ಅಷ್ಟರಲ್ಲಾಗಲೇ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅಣ್ಣ ಆ ಕಡೆ ತಿರುಗಲಿಲ್ಲ. ಪಿಳ್ಳಮ್ಮ ನನ್ನ ಮುಖ ನೋಡಲಿಲ್ಲ.

ಮೂವರೂ ಗ್ರಿಲ್ಲಿನ ಹತ್ತಿರ ಬಂದಾಗ ನಾನು ಅಡ್ಡ ನಿಂತೆ. "ಸಾರ್, ಲಾಕರಲ್ಲಿ ಹೆಸರಿರೋರು ಮಾತ್ರ ಒಳಗೆ ಬರ್ಬೇಕು."

"ನಾನು ಅವ್ರ ಮಗ ರೀ."

"ಗೊತ್ತು ಸಾರ್. ಹೆಸರಿಲ್ಲ."

ಅವರು ಒಂದು ಕ್ಷಣ ನನ್ನನ್ನು ದುರುಗುಟ್ಟಿ ನೋಡಿ, ಹೋಗಿ ಬೆಂಚಿನ ಮೇಲೆ ಕೂತರು. ಒಳಗೆ ನಾನು ನನ್ನ ಬೀಗದ ಕೈ ತಿರುಗಿಸುವಾಗ ಪಿಳ್ಳಮ್ಮ ಕೇಳಿದರು, "ಅವನಿಗೇಳಿದ್ದು ನೀನೇನಾ?"

"ಹೌದಮ್ಮ. ನನ್ನಿಂದ ತಪ್ಪಾಯ್ತು."

"ನಾನೇಳ್ಬೇಕಾಗಿತ್ತು," ಎಂದರು. "ಧೈರ್ಯ ಬರ್ಲಿಲ್ಲ ಕಣಮ್ಮ." ಆಮೇಲೆ ತಮ್ಮ ಬೀಗದ ಕೈ ತಿರುಗಿಸಿದರು. ನಾನು ಹೊರಗೆ ಬಂದೆ.

ನಾರಾಯಣಸ್ವಾಮಿ ನೆಲ ನೋಡುತ್ತಾ ಕೂತಿದ್ದರು. "ಎಷ್ಟು ವರ್ಷದಿಂದ ಬರ್ತಿದಾಳೆ ಅವ್ಳು?"

"ಎಂಟು ವರ್ಷ ಆಯ್ತು ಸಾರ್."

"ಪ್ರತಿ ತಿಂಗಳೂನಾ?"

"ಪ್ರತಿ ತಿಂಗಳೂ."

"ಬಸ್ ಸ್ಟಾಪಿಗೆ ನಾನೇ ಬಿಡ್ತಿದ್ದೆ ರೀ," ಎಂದರು. "ಮಳೆ ಬಂದ್ರೆ ಬೇಡಮ್ಮ, ಇನ್ನೊಂದಿನ ಹೋಗು ಅಂದ್ರೂ ಕೇಳ್ತಿರ್ಲಿಲ್ಲ. ಒಂದ್ಸಲ ನಮ್ಮ ರೋಡೆಲ್ಲ ನೀರು ತುಂಬಿತ್ತು, ಟ್ರ್ಯಾಕ್ಟರ್ ಹತ್ತಿಸಿ ಕಳಿಸಿದ್ದೆ. ಬ್ಯಾಂಕಿಗೆ ಹೋಗೋಕೆ! ನಮ್ಮಮ್ಮ ನಂಗೆ ಸುಳ್ಳು ಹೇಳ್ತಾಳೆ ಅಂದ್ಕೊಂಡಿರ್ಲಿಲ್ಲ."

ಅವರ ಧ್ವನಿಯಲ್ಲಿ ಕೋಪಕ್ಕಿಂತ ಬೇರೆ ಏನೋ ಇತ್ತು. ನನಗೆ ಬಾಯಿಗೆ ಬಂದದ್ದು ಇಷ್ಟೇ: "ಸುಳ್ಳು ಹೇಳಿಲ್ಲ ಸಾರ್. ಬ್ಯಾಂಕಿಗೇ ಬರ್ತಿದ್ರು."

ಬಹಳ ಹೊತ್ತಾದ ಮೇಲೆ ತಾಯಿಮಗಳು ಹೊರಗೆ ಬಂದರು. ಪಿಳ್ಳಮ್ಮನ ಕೈಯಲ್ಲಿ ಎರಡು ಕೆಂಪು ಡಬ್ಬಿ. ಒಂದನ್ನು ಮಗನ ಎದುರಿಗೇ ಶೋಭಾಳ ಕೈಗಿಟ್ಟರು. "ನಿಮ್ಮಪ್ಪ ನಿಂಗೆ ಅಂತ ಮಾಡ್ಸಿದ್ದು. ಇನ್ಮೇಲೆ ಇಡಾಕೆ ಜಾಗ ಇಲ್ಲ," ಎಂದರು. ಮಗನತ್ತ ತಿರುಗಿ, ಏನಾದರೂ ಅನ್ನುವುದಾದರೆ ಅನ್ನು ಎನ್ನುವಂತೆ ನಿಂತರು. ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಶೋಭಾ ಮೆಲ್ಲಗೆ, "ಅಣ್ಣಾ," ಎಂದಳು.

ನಾರಾಯಣಸ್ವಾಮಿ ತಂಗಿಯನ್ನು ಒಂದು ಸಲ ನೋಡಿದರು. ಮನೆ ಬಿಟ್ಟ ಹತ್ತು ವರ್ಷದಲ್ಲಿ ಅವಳ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. "ನಡಿಯಮ್ಮ, ಟ್ರಾಫಿಕ್ ಆಗ್ಬಿಡುತ್ತೆ," ಎಂದು ತಾಯಿಗೆ ಹೇಳಿ ಹೊರಟರು. ಶೋಭಾ ಆ ದಿನ ಮಧ್ಯಾಹ್ನದವರೆಗೂ ಬೆಂಚಿನ ಮೇಲೇ ಕೂತಿದ್ದಳು. ಹೋಗುವಾಗ ನನ್ನ ಕೈ ಹಿಡಿದು, "ಇನ್ನು ಅಮ್ಮ ಏನಂತ ಹೇಳಿ ಹೊರಡ್ತಾಳೆ ಮೇಡಂ?" ಎಂದು ಕೇಳಿದಳು.

ತಿಂಗಳ ಕೊನೆಗೆ ಶಾಖೆ ಮುಚ್ಚಿತು. ಲಾಕರುಗಳನ್ನು ಲಾರಿಗೆ ಹೇರಿದರು. ನಿವೃತ್ತಿಗೆ ಉಳಿದಿದ್ದ ಮೂರು ತಿಂಗಳು ನನ್ನನ್ನು ವಲಯ ಕಚೇರಿಯ ಫೈಲುಗಳ ನಡುವೆ ಕೂರಿಸಿದರು. ಜೋಗುಪಾಳ್ಯದ ಆ ಕಟ್ಟಡದಲ್ಲಿ ಈಗ ಮೊಣಕಾಲು ನೋವಿನ ಕ್ಲಿನಿಕ್ಕಿದೆ. ತರಕಾರಿಗೆ ಆ ದಾರಿಯಲ್ಲಿ ಹೋಗುವಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಬೆಂಚಿನ ಮೇಲೆ ಕೂರುತ್ತಿದ್ದ ಅಷ್ಟು ಜನ ಈಗ ಎಲ್ಲಿ ಕೂರುತ್ತಾರೋ ಎಂದು ಯೋಚಿಸುತ್ತೇನೆ. ಅವರ ಖಾತೆಗಳು ಇಂದಿರಾನಗರಕ್ಕೆ ಹೋಗಿವೆ, ಅದು ಗೊತ್ತು. ಅವರು ಎಲ್ಲಿಗೆ ಹೋದರು ಎನ್ನುವುದು ಗೊತ್ತಿಲ್ಲ. ಪಿಳ್ಳಮ್ಮನನ್ನು ನೆನೆದರಂತೂ ಅಂದು ಒತ್ತಿದ ಆ ಫೋನ್ ನಂಬರು ಇವತ್ತಿಗೂ ಬಾಯಿಗೆ ಬರುತ್ತದೆ.

ಕಳೆದ ನವೆಂಬರಿನಲ್ಲಿ, ಪಿಂಚಣಿಗಾಗಿ ನಾನು ಬದುಕಿದ್ದೇನೆ ಎಂದು ಸಹಿ ಹಾಕಿ ಕೊಡಲು ಇಂದಿರಾನಗರದ ಶಾಖೆಗೆ ಹೋದೆ. ಅದು ಮೊದಲ ಮಹಡಿಯಲ್ಲಿದೆ. ಮೆಟ್ಟಿಲ ಬುಡದಲ್ಲಿ ಬಿಳಿ ಶರ್ಟಿನ ಎತ್ತರದ ಆಳೊಬ್ಬರು ಕಾರಿನ ಕೀ ಹಿಡಿದು ನಿಂತಿದ್ದರು. ನನ್ನ ಗುರುತು ಅವರಿಗೇ ಮೊದಲು ಸಿಕ್ಕಿತು.

"ಮೇಡಂ, ನೀವಿಲ್ಲೇ ಇದೀರಾ ಈಗ?"

"ಇಲ್ಲ ಸಾರ್, ರಿಟೈರ್ ಆದೆ. ಅಮ್ಮ ಹೇಗಿದಾರೆ?"

"ಮೇಲಿದಾಳೆ." ಅವರು ರಸ್ತೆಯ ಕಡೆ ನೋಡಿದರು. "ಪಾಸ್‌ಬುಕ್ ಎಂಟ್ರಿ ಮಾಡಿಸ್ಬೇಕಂತೆ."

ನನಗೆ ತಡೆಯಲಾಗಲಿಲ್ಲ. "ಎಲ್ಲಾ ನಿಮ್ಮ ಫೋನಿಗೇ ಬರುತ್ತಲ್ಲ ಸಾರ್?"

"ಬರುತ್ತೆ," ಎಂದರು. ಕಾರಿನ ಬಾಗಿಲು ತೆರೆದು, ಒಂದು ಕಾಲು ಒಳಗಿಟ್ಟು, "ಆದ್ರೂ ಎಂಟ್ರಿ ಎಂಟ್ರಿನೇ ಅಲ್ವಾ ಮೇಡಂ. ಒಂದ್ ಗಂಟೆ ಆಗುತ್ತೇನೋ. ನಾನು ಕಾಫಿ ಕುಡ್ಕೊಂಡ್ ಬರ್ತೀನಿ," ಎಂದರು. ಮೇಲೆ ಮಾತ್ರ ಅವರು ಒಮ್ಮೆಯೂ ಬಂದಿಲ್ಲವಂತೆ, ಆಮೇಲೆ ಪಿಳ್ಳಮ್ಮ ಹೇಳಿದರು.

ನಾನು ಮೆಟ್ಟಿಲು ಹತ್ತಿದೆ. ಗಾಜಿನ ಬಾಗಿಲು, ಎ.ಸಿ. ಹಾಕಿದ ಹಾಲ್, ಕೂರಲು ಆರು ಕಬ್ಬಿಣದ ಕುರ್ಚಿ. ಅವುಗಳ ಮುಂದೆ ಪಿಳ್ಳಮ್ಮ, ಶೋಭಾ ಇಬ್ಬರೂ ನಿಂತಿದ್ದರು. ಸೆಕ್ಯೂರಿಟಿಯವರು ಕೈ ಅಡ್ಡ ಹಿಡಿದಿದ್ದರು. "ಟೋಕನ್ ಇಲ್ದೆ ಕೂರಂಗಿಲ್ಲಮ್ಮ. ಮೇಲಿಂದ ಆರ್ಡರ್ ಆಗಿದೆ. ಎಂಟ್ರಿ ಆಯ್ತಲ್ಲ, ಹೊರಡಿ."

ಅವರದೂ ಕೆಲಸವೇ. ನಾನು ಅವರೊಡನೆ ವಾದ ಮಾಡಲಿಲ್ಲ. ಬಾಗಿಲ ಪಕ್ಕದ ಮಿಷನ್ನಿನ ಹತ್ತಿರ ಹೋಗಿ, ಯಾವ ಸೇವೆ ಎಂದು ಕೇಳಿದ್ದಕ್ಕೆ ಏನೋ ಒಂದನ್ನು ಒತ್ತಿ, ಬಂದ ಚೀಟಿಯನ್ನು ತಂದು ಪಿಳ್ಳಮ್ಮನ ಕೈಗೆ ಕೊಟ್ಟೆ.

"ಇದು ಯಾತಕ್ಕಮ್ಮ?"

"ಕೂರೋಕೆ."

ಅವರು ನನ್ನನ್ನು ನೋಡಿದರು. ನನ್ನ ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪಕ್ಕದ ಕುರ್ಚಿ ತಟ್ಟಿ, "ನೀನೂ ಕೂತ್ಕಾ," ಎಂದರು. ಶೋಭಾ ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ತಗ್ಗಿದ ದನಿಯಲ್ಲಿ ಮಗಳ ಸ್ಕೂಲಿನ ವಿಷಯ ಹೇಳತೊಡಗಿದಳು. ಎಲ್ಲ ಕುರ್ಚಿಗಳೂ ಕೌಂಟರಿನ ಕಡೆಗೇ ಮುಖ ಮಾಡಿದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಎದುರಿನ ನಂಬರ್ ಬೋರ್ಡನ್ನು ನೋಡುತ್ತಾ ಮಾತಾಡುತ್ತಿದ್ದರು.

ಹದಿನೈದು ನಿಮಿಷಕ್ಕೆ ನಮ್ಮ ನಂಬರ್ ಬಂತು. ಕೌಂಟರಿನ ಹುಡುಗಿ ಕತ್ತೆತ್ತಿ ನೋಡಿದಳು. ಯಾರೂ ಏಳಲಿಲ್ಲ. ಬೋರ್ಡಿನಲ್ಲಿ ಮುಂದಿನ ನಂಬರ್ ಮಿನುಗಿತು. ಸೆಕ್ಯೂರಿಟಿಯವರು ನಮ್ಮ ಕಡೆ ಬರಲು ಹೆಜ್ಜೆ ಎತ್ತುವ ಮುಂಚೆ ನಾನು ಎದ್ದು ಹೋಗಿ ಇನ್ನೊಂದು ಟೋಕನ್ ತೆಗೆದೆ.